ಶೂನ್ಯಾಗಾರದಿಂದ ನಾಗರಕಲ್ಲಿನವರೆಗೆ: ಕನ್ನಡದ ‘ದೆವ್ವದ ಮನೆ’ ಚಿತ್ರಗಳಲ್ಲಿ ಭಯದ ನೆಲೆ

1. ಪ್ರವೇಶ

ಕನ್ನಡ ಕಾವ್ಯವಿಮರ್ಶೆಯಲ್ಲಿ ಶೃಂಗಾರ, ವೀರ, ಕರುಣ ಹಾಗೂ ಶಾಂತರಸಗಳಿಗೆ ದೊರೆತಿರುವ ಮನ್ನಣೆ ಭಯಾನಕಕ್ಕೆ ದೊರೆತಿಲ್ಲ. ತರಗತಿಯ ಪಾಠದಲ್ಲಿ ಅದು ರಸಗಳ ಪಟ್ಟಿಯ ಒಂದು ಹೆಸರಾಗಿ ಬಂದುಹೋಗುತ್ತದೆ. ಆದರೆ ಜನರ ನಿತ್ಯದ ಬದುಕಿನಲ್ಲಿ ಭಯದ ಕಥನಗಳಿಗೆ ಎಂದೂ ಕೊರತೆಯಿಲ್ಲ. ಊರಾಚೆಯ ಹುಣಸೆಮರ, ಬೀಗ ಜಡಿದ ಪಾಳುಮನೆ, ಅಮಾವಾಸ್ಯೆಯ ರಾತ್ರಿ ಕೇಳಿಸುವ ಗೆಜ್ಜೆಯ ಸದ್ದು ಇವುಗಳನ್ನು ಕುರಿತ ಕತೆಗಳು ಬಾಯಿಂದ ಬಾಯಿಗೆ ಹರಿದುಬಂದಿವೆ. ಜನರು ‘ದೆವ್ವದ ಸಿನಿಮಾ’ ಎಂದು ಕರೆಯುವ ಚಲನಚಿತ್ರ ಪ್ರಕಾರವು ಈ ಮೌಖಿಕ ಪರಂಪರೆಯ ಮುಂದುವರಿಕೆಯೇ ಆಗಿದೆ.

ಈ ಪ್ರಕಾರಕ್ಕೆ ನಿಷ್ಠಾವಂತ ಅಭಿಮಾನಿಗಳಿದ್ದಾರೆ. ಅವರು ಹೆದರಲೆಂದೇ ಚಿತ್ರಮಂದಿರಕ್ಕೆ ಹೋಗುತ್ತಾರೆ. ಹೆದರಿಸದ ಚಿತ್ರವನ್ನು ಕಳಪೆಯೆಂದು ತಳ್ಳಿಹಾಕುತ್ತಾರೆ. ಬಾಗಿಲು ಯಾವಾಗ ಕಿರುಗುಟ್ಟುತ್ತದೆ, ದೀಪ ಯಾವಾಗ ಆರುತ್ತದೆ ಎಂಬುದನ್ನು ಮೊದಲೇ ಊಹಿಸಬಲ್ಲರು. ಊಹಿಸಿದ್ದೇ ನಡೆದಾಗಲೂ ಬೆಚ್ಚಿಬೀಳುತ್ತಾರೆ. ಅಷ್ಟಾಗಿಯೂ ಇಂತಹ ಚಿತ್ರಗಳ ಮುಕ್ತಾಯದ ಬಗ್ಗೆ ಅವರಲ್ಲಿ ಒಂದು ಅತೃಪ್ತಿ ಉಳಿಯುವುದುಂಟು. ದೆವ್ವ ತೊಲಗಿ, ಮನೆ ಶುದ್ಧವಾಗಿ, ಕುಟುಂಬ ನಗುನಗುತ್ತ ನಿಂತಾಗ ಏನೋ ಕೈತಪ್ಪಿಹೋಯಿತು ಎಂದು ಅವರಿಗೆ ಅನ್ನಿಸುತ್ತದೆ. ಕೈತಪ್ಪಿದ್ದು ಏನು ಎಂಬುದೇ ಪ್ರಸ್ತುತ ಲೇಖನದ ಮೂಲಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಚಿತ್ರಗಳೊಳಗೆ ಮಾತ್ರ ಹುಡುಕಿದರೆ ಸಾಲದು. ಪ್ರೇಕ್ಷಕರು ಭಯವನ್ನು ನಿಭಾಯಿಸುವ ಬಗೆಯನ್ನು ಕಲಿತದ್ದು ಸಿನಿಮಾದಿಂದಲ್ಲ. ತಮ್ಮ ಪರಿಸರದ ಆಚರಣೆಗಳಿಂದ. ಆದ್ದರಿಂದ ಇಲ್ಲಿ ‘ದೆವ್ವದ ಮನೆ’ಯ ಚಿತ್ರಗಳ ಪಕ್ಕದಲ್ಲಿ ಒಂದು ಕ್ಷೇತ್ರವನ್ನೂ ಪಠ್ಯವಾಗಿ ಇರಿಸಿಕೊಳ್ಳಲಾಗಿದೆ. ಅದು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ. ಭಯವನ್ನು ಓಡಿಸುವುದು ಒಂದು ಕ್ರಮ, ಭಯಕ್ಕೆ ನೆಲೆ ಕೊಡುವುದು ಇನ್ನೊಂದು ಕ್ರಮ. ಮೊದಲನೆಯದು ಸಿನಿಮಾದ ರೂಢಿ, ಎರಡನೆಯದು ಕ್ಷೇತ್ರದ ರೂಢಿ. ಇವೆರಡರ ನಡುವಿನ ಅಂತರದಲ್ಲಿಯೇ ಅಭಿಮಾನಿಯ ಅತೃಪ್ತಿಯ ಮೂಲವಿದೆ ಎಂಬುದು ಈ ಲೇಖನದ ವಾದ.

2. ಶೂನ್ಯಾಗಾರ ಎಂಬ ವಿಭಾವ

ದೆವ್ವದ ಮನೆಯನ್ನು ಪಾಶ್ಚಾತ್ಯ ಸಿನಿಮಾದ ಕೊಡುಗೆಯೆಂದು ಭಾವಿಸುವುದು ವಾಡಿಕೆ. ಆದರೆ ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕದ ವಿಭಾವಗಳನ್ನು ಹೇಳುವಾಗಲೇ ‘ಶೂನ್ಯಾಗಾರ’ವನ್ನು, ಅಂದರೆ ಬರಿದಾದ ಮನೆಯನ್ನು, ಅರಣ್ಯದ ಜೊತೆಯಲ್ಲಿ ಹೆಸರಿಸಿದ್ದಾನೆ. ವಿಕಾರವಾದ ಧ್ವನಿ, ಪಿಶಾಚಾದಿಗಳ ದರ್ಶನ, ನರಿ ಮತ್ತು ಗೂಬೆಗಳ ಕೂಗು ಅದೇ ಪಟ್ಟಿಯಲ್ಲಿವೆ. ಇವುಗಳ ಜೊತೆಗೇ ಬರುವ ಇನ್ನೊಂದು ವಿಭಾವ ಹೆಚ್ಚು ಗಮನಾರ್ಹವಾದುದು. ಸ್ವಜನರ ವಧೆಯನ್ನೋ ಬಂಧನವನ್ನೋ ಕಾಣುವುದು, ಅದರ ಸುದ್ದಿ ಕೇಳುವುದು, ಅದನ್ನು ಕತೆಯಾಗಿ ಆಲಿಸುವುದು ಕೂಡ ಭಯಕ್ಕೆ ಕಾರಣವೆಂದು ಭರತ ಗುರುತಿಸುತ್ತಾನೆ. ಬರಿದಾದ ಮನೆ ಮತ್ತು ಆ ಮನೆಯಲ್ಲಿ ಹಿಂದೆ ನಡೆದ ಹಿಂಸೆಯ ಕತೆ ಎಂಬ ಎರಡು ಅಂಶಗಳು ಕೂಡಿದರೆ ದೆವ್ವದ ಮನೆ ಚಿತ್ರದ ಸಂವಿಧಾನವೇ ಸಿದ್ಧವಾದಂತೆ.

ಭರತನು ಭಯಾನಕವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ನಟನೆಯಿಂದ ಹುಟ್ಟಿದ್ದು, ಅಪರಾಧದಿಂದ ಹುಟ್ಟಿದ್ದು, ಬೆದರಿಕೆಯಿಂದ ಹುಟ್ಟಿದ್ದು. ಇವುಗಳಲ್ಲಿ ನಡುವಿನದು ಪ್ರಸ್ತುತ ಚರ್ಚೆಗೆ ಮುಖ್ಯ. ಕಪ್ಪು ಬೆಕ್ಕು ಹಾರಿದಾಗ ಆಗುವ ಬೆಚ್ಚುವಿಕೆ ಬೆದರಿಕೆಯಿಂದ ಬಂದದ್ದು, ಅದು ಕ್ಷಣಿಕ. ಈ ಮನೆಯಲ್ಲಿ ಯಾರಿಗೋ ಅನ್ಯಾಯವಾಗಿದೆ, ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂಬ ಅರಿವಿನಿಂದ ಹುಟ್ಟುವ ಭಯವಾದರೋ ಅಪರಾಧಮೂಲದ್ದು. ಚಿತ್ರ ಮುಗಿದು ಮನೆಗೆ ಬಂದ ಮೇಲೂ ಪ್ರೇಕ್ಷಕರ ಬೆನ್ನುಹತ್ತುವುದು ಈ ಎರಡನೆಯ ಭಯವೇ.

ಹೆದರುವುದರಲ್ಲಿ ಸುಖವೇಕೆ ಎಂಬ ಪ್ರಶ್ನೆಗೂ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಉತ್ತರವಿದೆ. ಅಭಿನವಗುಪ್ತನು ಭಯಾನಕಕ್ಕೆ ಉದಾಹರಣೆಯಾಗಿ ಶಾಕುಂತಲ ನಾಟಕದ ಆರಂಭದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ತೆಗೆದುಕೊಳ್ಳುತ್ತಾನೆ. ಅಲ್ಲಿನ ಭಯ ಜಿಂಕೆಯದೂ ಅಲ್ಲ, ನೋಡುವವನದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿಕೊಂಡ ಭಯ. ‘ನನಗೆ ಅಪಾಯ’ ಎಂಬ ಭಾವವಿದ್ದರೆ ಓಡಿಹೋಗಬೇಕೆನ್ನಿಸುತ್ತದೆ. ‘ಅದು ಯಾರದೋ ಅಪಾಯ’ ಎಂದಾದರೆ ಉದಾಸೀನ ಬರುತ್ತದೆ. ಎರಡೂ ಇಲ್ಲದ ಸ್ಥಿತಿಯೇ ಸಾಧಾರಣೀಕರಣ. ಅಮೆರಿಕದ ಚಿಂತಕ ನೋಯೆಲ್ ಕ್ಯಾರೊಲ್ 1990ರಲ್ಲಿ ಪ್ರಕಟಿಸಿದ ಭೀತಿಕಥನಗಳ ತಾತ್ತ್ವಿಕ ಅಧ್ಯಯನದಲ್ಲಿ ಇದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಎತ್ತಿಕೊಂಡಿದ್ದಾನೆ. ಆತನ ಪ್ರಕಾರ ಇಂತಹ ಕಥನಗಳ ಆಕರ್ಷಣೆಯಿರುವುದು ಭಯದಲ್ಲಲ್ಲ, ಅರಿಯುವ ಕುತೂಹಲದಲ್ಲಿ. ಭಯವು ಆ ಕುತೂಹಲಕ್ಕೆ ತೆರುವ ಬೆಲೆ. ಅಭಿಮಾನಿಗಳ ವರ್ತನೆ ಎರಡು ಮಾತುಗಳನ್ನೂ ಸಮರ್ಥಿಸುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಏನಿದೆ ಎಂದು ತಿಳಿಯಲು ಅವರು ಕಾಯುತ್ತಾರೆ. ಅವರಿಗೆ ಬೇಕಾಗಿರುವುದು ಹಿಂದೆ ನಡೆದುದರ ತಿಳಿವಳಿಕೆ.

3. ಪದಗಳ ಸಾಕ್ಷ್ಯ

ಕನ್ನಡದ ಪದಕೋಶವೂ ಈ ಮಾತನ್ನು ಬೆಂಬಲಿಸುತ್ತದೆ. ‘ದೆವ್ವ’ ಎಂಬುದು ‘ದೈವ’ದ ತದ್ಭವ. ಒಂದೇ ಪದವು ಕರಾವಳಿಯಲ್ಲಿ ‘ದೈವ’ವಾಗಿ ಕೋಲ, ನೇಮಗಳಲ್ಲಿ ಪೂಜೆಗೊಳ್ಳುತ್ತದೆ, ಹಳೆಯ ಮೈಸೂರಿನ ಕಡೆ ‘ದೆವ್ವ’ವಾಗಿ ಬೇವಿನ ಸೊಪ್ಪಿನ ಏಟು ತಿನ್ನುತ್ತದೆ. ತುಳುನಾಡಿನಲ್ಲಿ ಅನ್ಯಾಯಕ್ಕೆ ಒಳಗಾದ ಕಲ್ಕುಡ–ಕಲ್ಲುರ್ಟಿಯರು, ಹೋರಾಡಿ ಮಡಿದ ಕೋಟಿ–ಚೆನ್ನಯರು ದೈವಗಳಾಗಿ ನೆಲೆನಿಂತಿದ್ದಾರೆ. ವ್ಯತ್ಯಾಸವಿರುವುದು ಸತ್ತವರ ಸ್ವಭಾವದಲ್ಲಲ್ಲ. ಬದುಕಿರುವವರು ಅವರಿಗೆ ಕೊಡುವ ಸ್ಥಾನದಲ್ಲಿ.

‘ಭೂತ’ ಪದಕ್ಕೆ ಆಗಿಹೋದದ್ದು ಎಂಬುದೇ ಮೂಲಾರ್ಥ. ವ್ಯಾಕರಣದ ಭೂತಕಾಲವೂ ಪಾಳುಮನೆಯ ಭೂತವೂ ಒಂದೇ ಬೇರಿನವು. ಆಗಿಹೋದದ್ದು ಹೋಗದೆ ವರ್ತಮಾನದಲ್ಲಿ ಉಳಿದುಬಿಟ್ಟರೆ ಅದೇ ಭೂತಬಾಧೆ. ‘ಮರುಳು’ ಪದದಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯಿದೆ. ಹಳಗನ್ನಡದಲ್ಲಿ ಅದಕ್ಕೆ ಪಿಶಾಚಿ ಎಂಬ ಅರ್ಥವೂ ಉಂಟು, ಚಿತ್ತಭ್ರಮೆ ಎಂಬ ಅರ್ಥವೂ ಉಂಟು. ಗದಾಯುದ್ಧದಲ್ಲಿ ಹೆಣಗಳಿಂದ ತುಂಬಿದ ರಣಭೂಮಿಯನ್ನು ದಾಟುವ ದುರ್ಯೋಧನನಿಗೆ ಮರುಳುಗಳು ಎದುರಾದಾಗ ರನ್ನ ಈ ಎರಡು ಅರ್ಥಗಳನ್ನೂ ದುಡಿಸಿಕೊಂಡಿದ್ದಾನೆ. ಹೊರಗಿನ ಪಿಶಾಚಿಯೋ ಒಳಗಿನ ಭ್ರಮೆಯೋ ಎಂಬ ಇಂದಿನ ಮನೋವೈಜ್ಞಾನಿಕ ಚಿತ್ರಗಳ ಪ್ರಶ್ನೆ ಕನ್ನಡಕ್ಕೆ ಸಾವಿರ ವರ್ಷ ಹಳೆಯದು.

ಜನ್ನನ ಯಶೋಧರ ಚರಿತೆ (1209) ಈ ಸಂದರ್ಭದಲ್ಲಿ ನೆನಪಿಗೆ ಬರುವ ಇನ್ನೊಂದು ಕೃತಿ. ಅದರ ಕಥೆ ಆರಂಭವಾಗುವುದು ಚಂಡಮಾರಿಯ ಗುಡಿಯಲ್ಲಿ. ಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರ ಹೆಸರು ಅಭಯರುಚಿ ಮತ್ತು ಅಭಯಮತಿ. ಆ ಭಯದ ಮನೆಯಲ್ಲಿ ಅಭಯ ಹುಟ್ಟುವುದು ಮಂತ್ರದಿಂದಲ್ಲ, ಆಯುಧದಿಂದಲೂ ಅಲ್ಲ. ಅಭಯರುಚಿಯು ತಮ್ಮ ಹಿಂದಿನ ಜನ್ಮಗಳ ಕತೆಯನ್ನು ಹೇಳುತ್ತಾನೆ; ಮಾರಿದತ್ತ ರಾಜ ಅದನ್ನು ಕೊನೆಯವರೆಗೂ ಕೇಳಿಸಿಕೊಳ್ಳುತ್ತಾನೆ; ಕೇಳಿಸಿಕೊಂಡು ಬದಲಾಗುತ್ತಾನೆ. ಭೂತವನ್ನು ಆಲಿಸುವುದೇ ಭಯನಿವಾರಣೆ ಎಂಬ ಈ ಮಾದರಿಯನ್ನು ಮುಂದಿನ ಚರ್ಚೆಗೆ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

4. ಉಚ್ಚಾಟನೆಯ ಮಾದರಿ

ಕನ್ನಡದ ಭೀತಿಚಿತ್ರಗಳ ಮಾತು ಬಂದಾಗ ಮೊದಲು ನೆನಪಾಗುವುದು ವಿಜಯ್ ನಿರ್ದೇಶನದ ‘ನಾ ನಿನ್ನ ಬಿಡಲಾರೆ’ (1979). ಅನಂತನಾಗ್ ಮತ್ತು ಲಕ್ಷ್ಮಿ ಪ್ರಧಾನ ಪಾತ್ರಗಳಲ್ಲಿದ್ದ ಈ ಚಿತ್ರದಲ್ಲಿ ಗಂಡನ ಮೈಮೇಲೆ ಪ್ರೇತದ ಆವೇಶವಾಗುತ್ತದೆ. ಕೊನೆಗೆ ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಮಹಿಮೆಯಿಂದ ಪರಿಹಾರ ದೊರೆಯುತ್ತದೆ. ಶೀರ್ಷಿಕೆ ಪ್ರೇತದ ಮಾತು. ಮುಕ್ತಾಯ ಆ ಮಾತಿನ ನಿರಾಕರಣೆ. ‘ಬಿಡಲಾರೆ’ ಎಂದವಳನ್ನು ಬಿಡಿಸಲಾಗುತ್ತದೆ. ದಾಂಪತ್ಯ ಉಳಿಯುತ್ತದೆ, ಭಕ್ತಿ ಗೆಲ್ಲುತ್ತದೆ. ಆದರೆ ಆ ಪ್ರೇತ ಯಾಕೆ ಬಿಡಲಾರದಾಯಿತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಇದನ್ನು ಉಚ್ಚಾಟನೆಯ ಮಾದರಿ ಎನ್ನಬಹುದು.

ಇದೇ ಮಾದರಿಯನ್ನು ವಿಮರ್ಶಾತ್ಮಕವಾಗಿ ತಿರುಗಿಸಿ ನೋಡಿದ ಚಿತ್ರ ಗಿರೀಶ್ ಕಾಸರವಳ್ಳಿ ಅವರ ‘ಮನೆ’ (1990). ಅದರಲ್ಲಿ ದೆವ್ವವಿಲ್ಲ, ಭೀತಿಚಿತ್ರವೆಂದು ಯಾರೂ ಅದನ್ನು ಕರೆದಿಲ್ಲ. ಆದರೂ ದೆವ್ವದ ಮನೆಯ ಮೂಲಸಾಮಗ್ರಿ ಅಲ್ಲಿದೆ. ಹೊಸದಾಗಿ ಸಂಸಾರ ಹೂಡಿದ ದಂಪತಿ ನಗರದ ಬಾಡಿಗೆ ಮನೆಗೆ ಬರುತ್ತಾರೆ. ಪಕ್ಕದ ಶೆಡ್ಡಿನಿಂದ ಬರುವ ಸದ್ದು ಅವರ ರಾತ್ರಿಗಳನ್ನು ಕೆಡಿಸುತ್ತದೆ. ಪ್ರಭಾವ ಬಳಸಿ ಆ ಸದ್ದನ್ನು ತೊಲಗಿಸಿದ ಮೇಲೂ ಮನೆಯೊಳಗೆ ನೆಮ್ಮದಿ ಮರಳುವುದಿಲ್ಲ. ಸದ್ದು ಎಂದರೆ ಅಲ್ಲಿ ಇತರರ ದುಡಿಮೆ, ಇತರರ ಬದುಕು. ಓಡಿಸುವುದರಿಂದ ಮನೆ ಶುದ್ಧವಾಗುವುದಿಲ್ಲ, ಬರಿದಾಗುತ್ತದೆ ಅಷ್ಟೆ. ಭರತನ ‘ಶೂನ್ಯಾಗಾರ’ ಇಲ್ಲಿ ಚಿತ್ರದ ಆರಂಭದಲ್ಲಿಲ್ಲ, ಕೊನೆಯಲ್ಲಿದೆ.

ಮನೆ ಎಂಬ ಪರಿಚಿತ ಜಾಗವೇ ಅಪರಿಚಿತವಾಗುವ ಅನುಭವವನ್ನು ಫ್ರಾಯ್ಡ್ 1919ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾನೆ. ಜರ್ಮನ್ ಭಾಷೆಯ ‘ಹೈಮ್ಲಿಶ್’ ಎಂದರೆ ಮನೆಯದು, ಆಪ್ತವಾದದ್ದು. ಮುಚ್ಚಿಟ್ಟದ್ದು ಎಂಬ ಅರ್ಥವೂ ಅದಕ್ಕಿದೆ. ಆದ್ದರಿಂದ ಆ ಪದವು ತನ್ನ ವಿರುದ್ಧಪದವಾದ ‘ಉನ್‌ಹೈಮ್ಲಿಶ್’ಗೆ ಹತ್ತಿರವಾಗುತ್ತದೆ ಎಂಬುದು ಆತನ ನಿರೂಪಣೆ. ಅವನ ದೃಷ್ಟಿಯಲ್ಲಿ ಬೆಚ್ಚಿಸುವುದು ಹೊರಗಿನಿಂದ ಬಂದದ್ದಲ್ಲ, ದಮನಗೊಂಡು ಮರಳಿ ಬಂದದ್ದು. ಮನೆಯ ದೆವ್ವ ಮನೆಯದೇ ಎಂಬ ಈ ತಿಳಿವಳಿಕೆಯನ್ನು ಇಟ್ಟುಕೊಂಡು ಕನ್ನಡದ ಅತ್ಯಂತ ಜನಪ್ರಿಯ ದೆವ್ವದ ಮನೆಯನ್ನು ಪ್ರವೇಶಿಸಬಹುದು.

5. ‘ಆಪ್ತಮಿತ್ರ’: ನೆರೆಯ ಭಾಷೆಯ ದೆವ್ವ

ಪಿ. ವಾಸು ನಿರ್ದೇಶಿಸಿ ದ್ವಾರಕೀಶ್ ನಿರ್ಮಿಸಿದ ‘ಆಪ್ತಮಿತ್ರ’ ತೆರೆಗೆ ಬಂದದ್ದು 2004ರ ಆಗಸ್ಟ್‌ನಲ್ಲಿ. ಫಾಸಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993) ಇದರ ಮೂಲ. ದಂಪತಿಗಳಾದ ರಮೇಶ (ರಮೇಶ್ ಅರವಿಂದ್) ಮತ್ತು ಗಂಗಾ (ಸೌಂದರ್ಯ) ಹಳೆಯ ಅರಮನೆಯೊಂದಕ್ಕೆ ವಾಸಕ್ಕೆ ಬರುತ್ತಾರೆ. ತೆರೆಯಬಾರದೆಂದು ಹೇಳಿದ ಕೋಣೆಯನ್ನು ಗಂಗಾ ತೆರೆಯುತ್ತಾಳೆ. ಆ ಅರಮನೆಯಲ್ಲಿ ಹಿಂದೆ ರಾಜ ವಿಜಯ ರಾಜೇಂದ್ರ ಬಹದ್ದೂರನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿಯ ಕತೆ ಅವಳನ್ನು ಆವರಿಸುತ್ತದೆ. ಮನೋವೈದ್ಯ ವಿಜಯ್ (ವಿಷ್ಣುವರ್ಧನ್) ಅದನ್ನು ವ್ಯಕ್ತಿತ್ವದ ಒಡಕು ಎಂದು ವಿವರಿಸುತ್ತಾನೆ. ಆದರೆ ಪರಿಹಾರಕ್ಕೆ ರಾಮಚಂದ್ರ ಆಚಾರ್ಯರ (ಅವಿನಾಶ್) ನೆರವನ್ನೂ ಪಡೆಯುತ್ತಾನೆ. ‘ಮರುಳು’ ಪದದ ಎರಡು ಅರ್ಥಗಳಿಗೆ ಇಬ್ಬರು ಪ್ರತಿನಿಧಿಗಳು ದೊರೆತಂತಾಗಿದೆ.

ಈ ಕಥೆಯು ಭಾಷೆಯಿಂದ ಭಾಷೆಗೆ ಸಾಗಿದಾಗ ಉಳಿದುಬಂದ ಒಂದು ಅಂಶ ಕುತೂಹಲಕರವಾಗಿದೆ. ಮಲಯಾಳಂ ಚಿತ್ರದಲ್ಲಿ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ. ಕನ್ನಡದಲ್ಲಿ ಆಕೆ ತೆಲುಗಿನವಳು. ತಮಿಳಿನ ‘ಚಂದ್ರಮುಖಿ’ಯಲ್ಲಿಯೂ (2005) ಆಕೆ ತೆಲುಗಿನವಳೇ. ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ (2007) ಮಂಜುಲಿಕಾ ಬಂಗಾಳದ ನರ್ತಕಿ. ಪ್ರತಿ ಭಾಷೆಯೂ ತನ್ನ ದೆವ್ವಕ್ಕೆ ಅನ್ಯಭಾಷೆಯೊಂದನ್ನು, ಬಹುಮಟ್ಟಿಗೆ ನೆರೆಯ ಭಾಷೆಯನ್ನು, ಕೊಟ್ಟಿದೆ. ‘ಆಪ್ತಮಿತ್ರ’ದಲ್ಲಿ ಗಂಗಾ ತೆಲುಗಿನಲ್ಲಿ ಮಾತನಾಡತೊಡಗಿದಾಗ, ತೆಲುಗು ಹಾಡಿಗೆ ನರ್ತಿಸಿದಾಗ ಗಂಡ ದಿಗ್ಭ್ರಾಂತನಾಗುತ್ತಾನೆ. ಅನ್ಯಭಾಷೆಯ ಪ್ರವೇಶವೇ ಆವೇಶದ ಚಹರೆಯಾಗಿದೆ.

ಈ ಅಂಶ ಕರ್ನಾಟಕದ ಎಲ್ಲ ಪ್ರೇಕ್ಷಕರಿಗೂ ಒಂದೇ ರೀತಿ ತಟ್ಟಲಾರದು. ದೊಡ್ಡಬಳ್ಳಾಪುರದಂತಹ ಗಡಿಗೆ ಸಮೀಪದ ತಾಲ್ಲೂಕುಗಳಲ್ಲಿ ತೆಲುಗು ಅಪರಿಚಿತ ಭಾಷೆಯಲ್ಲ. ಅದು ಅನೇಕ ಮನೆಗಳ ಒಳಮಾತು. ಘಾಟಿಯ ದನಗಳ ಜಾತ್ರೆಗೆ ಆಂಧ್ರದ ಕಡೆಯಿಂದಲೂ ರೈತರು ಬರುತ್ತಾರೆ. ಎತ್ತಿನ ವ್ಯಾಪಾರ ಎರಡೂ ಭಾಷೆಗಳಲ್ಲಿ ನಡೆಯುತ್ತದೆ. ಇಂತಹ ಪರಿಸರದ ಪ್ರೇಕ್ಷಕನೊಬ್ಬನನ್ನು ಕಲ್ಪಿಸಿಕೊಂಡರೆ, ಆತನಿಗೆ ನಾಗವಲ್ಲಿಯ ಮಾತು ಭಯ ಹುಟ್ಟಿಸುವ ಧ್ವನಿಯಾಗಿ ಮಾತ್ರ ಕೇಳಿಸದು, ಅರ್ಥವೂ ಆಗುತ್ತದೆ. ಆಕೆ ಏನು ಹೇಳುತ್ತಿದ್ದಾಳೆ ಎಂದು ತಿಳಿದವನಿಗೆ ಆಕೆ ಬೆದರಿಕೆಯಾಗಿ ಉಳಿಯದೆ ದೂರುದಾರಳಾಗಿ ಕಾಣತೊಡಗುತ್ತಾಳೆ. ಅವಳ ಹೆಸರು ಕೂಡ ಆತನಿಗೆ ಅನ್ಯವಲ್ಲ. ‘ನಾಗವಲ್ಲಿ’ ಎಂದರೆ ವೀಳ್ಯದೆಲೆಯ ಬಳ್ಳಿ. ಕೆಲವು ಸಮುದಾಯಗಳ ಮದುವೆಯಲ್ಲಿ ಅದು ಒಂದು ಮಂಗಳಶಾಸ್ತ್ರದ ಹೆಸರು. ಹೆಸರಿನೊಳಗಿನ ‘ನಾಗ’ ಮತ್ತು ಸುಬ್ರಹ್ಮಣ್ಯನ ಮಡದಿಯಾದ ‘ವಳ್ಳಿ’ ಇಬ್ಬರೂ ಘಾಟಿಯ ಭಕ್ತನಿಗೆ ನೆನಪಾಗದಿರಲಾರರು. ಮದುವೆಯ ಮಂಗಳವನ್ನು ಹೆಸರಿನಲ್ಲಿ ಹೊತ್ತವಳಿಗೆ ಪ್ರಿಯನೊಡನೆ ಬಾಳುವ ಭಾಗ್ಯ ದಕ್ಕಲಿಲ್ಲ ಎಂಬುದೇ ಆ ಕತೆಯ ಕರುಣ.

ಚಿತ್ರದ ಮುಕ್ತಾಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವೈದ್ಯನೂ ಆಚಾರ್ಯರೂ ಸೇರಿ ಒಂದು ನಾಟಕವನ್ನು ಹೂಡುತ್ತಾರೆ. ನಾಗವಲ್ಲಿಯಾಗಿರುವ ಗಂಗಾಳಿಗೆ ತಾನು ರಾಜನ ಮೇಲೆ ಸೇಡು ತೀರಿಸಿಕೊಂಡೆನೆಂಬ ಭಾವನೆ ಬರುವಂತೆ ಮಾಡುತ್ತಾರೆ. ನಿಜವಾಗಿ ಅಲ್ಲಿ ನಾಶವಾಗುವುದು ಒಂದು ಬೊಂಬೆ. ಇದು ಸರಳವಾದ ಉಚ್ಚಾಟನೆಯಲ್ಲ. ನಾಗವಲ್ಲಿಯ ದೂರನ್ನು ಯಾರೋ ಒಪ್ಪಿಕೊಂಡಿದ್ದಾರೆ, ಅವಳ ಪರವಾಗಿ ತೀರ್ಪನ್ನೂ ನಟಿಸಿ ತೋರಿಸಿದ್ದಾರೆ. ಇಷ್ಟರ ಮಟ್ಟಿಗೆ ಚಿತ್ರವು ಜನ್ನನ ಮಾದರಿಗೆ ಹತ್ತಿರ ಬರುತ್ತದೆ. ಆದರೆ ನಾಟಕ ಮುಗಿದೊಡನೆ ನಾಗವಲ್ಲಿ ಕತೆಯಿಂದ ಕಾಣೆಯಾಗುತ್ತಾಳೆ. ವಾಸಿಯಾದದ್ದು ಗಂಗಾ, ನ್ಯಾಯ ಸಿಕ್ಕಿದ್ದು ಬೊಂಬೆಯ ಮೂಲಕ. ನಾಗವಲ್ಲಿಗೆ ಅರಮನೆಯ ಅಂಗಳದಲ್ಲಿ ಒಂದು ಕಲ್ಲು ಕೂಡ ನಿಲ್ಲುವುದಿಲ್ಲ. ಅಭಿಮಾನಿಗೆ ಕೈತಪ್ಪಿಹೋದಂತೆ ಅನ್ನಿಸುವುದು ಇದೇ.

6. ಘಾಟಿ ಸುಬ್ರಹ್ಮಣ್ಯ: ಪ್ರತಿಷ್ಠೆಯ ಮಾದರಿ

ಕಲ್ಲಿನ ಮಾತು ಇಲ್ಲಿ ಆಲಂಕಾರಿಕವಲ್ಲ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮಾಕಳಿದುರ್ಗದ ಬೆಟ್ಟಕ್ಕೆ ಸಮೀಪದಲ್ಲಿರುವ ಘಾಟಿ ಸುಬ್ರಹ್ಮಣ್ಯದಲ್ಲಿ ಗಮನ ಸೆಳೆಯುವುದು ಸಾಲುಸಾಲಾಗಿ ನಿಲ್ಲಿಸಿದ ನಾಗರಕಲ್ಲುಗಳು. ಸಂತಾನಕ್ಕಾಗಿ ಹರಕೆ ಹೊತ್ತವರು, ಸರ್ಪದೋಷವಿದೆಯೆಂದು ನಂಬಿದವರು ಅವುಗಳನ್ನು ಪ್ರತಿಷ್ಠಾಪಿಸಿದ್ದಾರೆ. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವ ಮತ್ತು ಅದರ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆ ಈ ಕ್ಷೇತ್ರದ ಮುಖ್ಯ ಸಂದರ್ಭಗಳು.

ನಾಗರಕಲ್ಲಿನ ಹಿಂದಿರುವ ತರ್ಕವನ್ನು ಗಮನಿಸಬೇಕು. ಎಂದೋ, ಯಾರಿಂದಲೋ, ತಿಳಿದೋ ತಿಳಿಯದೆಯೋ ಹಾವಿಗೆ ಹಿಂಸೆಯಾಗಿದೆ. ಅದರ ಫಲ ಮನೆಯೊಳಗೆ ಕಾಣಿಸಿಕೊಂಡಿದೆ. ಇದು ಭರತ ಹೇಳಿದ ಅಪರಾಧಮೂಲದ ಭಯವೇ. ಆದರೆ ಪರಿಹಾರ ಹಾವನ್ನು ಓಡಿಸುವುದರಲ್ಲಿಲ್ಲ. ಹಿಂಸೆಗೆ ಒಳಗಾದದ್ದರ ರೂಪವನ್ನು ಕಲ್ಲಿನಲ್ಲಿ ಕಡೆಸಿ, ಬಯಲಿನಲ್ಲಿ, ಮರದಡಿಯಲ್ಲಿ ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ, ಹಾಲೆರೆದು ಬರಲಾಗುತ್ತದೆ. ಮನೆಯೊಳಗಿನ ಅವ್ಯಕ್ತ ಭಯಕ್ಕೆ ಹೊರಗೆ ಒಂದು ವ್ಯಕ್ತ ನೆಲೆ ದೊರೆಯುತ್ತದೆ. ವೀರಗಲ್ಲು, ಮಾಸ್ತಿಕಲ್ಲುಗಳೂ ಸತ್ತವರಿಗೆ ಕಲ್ಲಿನಲ್ಲಿ ನೆಲೆ ಕೊಟ್ಟ ಇದೇ ಪರಂಪರೆಗೆ ಸೇರಿದವು.

ಗರ್ಭಗುಡಿಯ ರಚನೆಯೂ ಇದೇ ತತ್ತ್ವವನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಒಂದೇ ಶಿಲೆಯಲ್ಲಿ ಪೂರ್ವಾಭಿಮುಖವಾಗಿ ಏಳು ಹೆಡೆಗಳ ಸರ್ಪರೂಪದ ಸುಬ್ರಹ್ಮಣ್ಯನೂ, ಪಶ್ಚಿಮಾಭಿಮುಖವಾಗಿ ನರಸಿಂಹನೂ ಇದ್ದಾರೆ. ಗರುಡನಿಂದ ಸರ್ಪಸಂತತಿಯನ್ನು ಕಾಪಾಡುವಂತೆ ಸುಬ್ರಹ್ಮಣ್ಯನು ಬೇಡಿದಾಗ ಗರುಡವಾಹನನ ಅವತಾರವಾದ ನರಸಿಂಹನು ಅವನೊಡನೆ ನೆಲೆಸಿದನೆಂಬುದು ಸ್ಥಳಪುರಾಣ. ಬೇಟೆಗಾರನ ಒಡೆಯನೂ ಬೇಟೆಗೆ ಗುರಿಯಾದವರ ಪೋಷಕನೂ ಒಂದೇ ಕಲ್ಲಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಎದುರು ನಿಂತ ಭಕ್ತರಿಗೆ ಹಿಂಭಾಗದ ನರಸಿಂಹ ನೇರವಾಗಿ ಕಾಣುವುದಿಲ್ಲ. ಅದಕ್ಕಾಗಿ ಹಿಂದೆ ದೊಡ್ಡ ಕನ್ನಡಿಯೊಂದನ್ನು ಇರಿಸಲಾಗಿದೆ.

ಭೀತಿಚಿತ್ರಗಳ ಅಭಿಮಾನಿಗೆ ಕನ್ನಡಿ ಚಿರಪರಿಚಿತ ಸಾಧನ. ಸಿನಿಮಾದ ಕನ್ನಡಿ ಇಲ್ಲದವರನ್ನು ಒಂದು ಕ್ಷಣ ತೋರಿಸಿ ಬೆಚ್ಚಿಬೀಳಿಸುತ್ತದೆ. ತಿರುಗಿ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ಘಾಟಿಯ ಕನ್ನಡಿ ತೋರಿಸುವುದು ಇರುವುದನ್ನೇ. ಮುಖ ಮಾತ್ರ ಆಚೆಗಿದೆ. ಉಗ್ರವಾದದ್ದು ಇಲ್ಲವೆಂದು ಅದು ಹೇಳುವುದಿಲ್ಲ, ಉಗ್ರವಾದದ್ದನ್ನು ನೇರವಾಗಿ ಎದುರಿಸಬೇಕೆಂದೂ ಹೇಳುವುದಿಲ್ಲ. ನೋಡಲು ಒಂದು ದೂರವನ್ನೂ ಒಂದು ಕೋನವನ್ನೂ ಕಲ್ಪಿಸಿಕೊಡುತ್ತದೆ. ಅಭಿನವಗುಪ್ತನ ಸಾಧಾರಣೀಕರಣವು ರಂಗಭೂಮಿಯಲ್ಲಿ ಮಾಡುವ ಕೆಲಸ ಇದಕ್ಕಿಂತ ತೀರ ಭಿನ್ನವಲ್ಲ.

ಉಚ್ಚಾಟನೆ ಮತ್ತು ಪ್ರತಿಷ್ಠೆಗಳ ನಡುವೆ ಮೂರನೆಯ ಕ್ರಮವೊಂದಿದೆ; ಅದು ಮುಂದೂಡಿಕೆ. 1990ರ ದಶಕದಲ್ಲಿ ಬೆಂಗಳೂರು ಹಾಗೂ ಕರ್ನಾಟಕದ ಹಲವು ಊರುಗಳಲ್ಲಿ ಜನರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡದ್ದು ಈಗ ಪ್ರಸಿದ್ಧ ಸಂಗತಿ. ರಾತ್ರಿ ಹೆಣ್ಣುದೆವ್ವವೊಂದು ಮನೆಯವರ ಧ್ವನಿಯಲ್ಲಿ ಕರೆಯುತ್ತದೆ, ಓಗೊಟ್ಟು ಬಾಗಿಲು ತೆರೆದರೆ ಸಾವು ಖಚಿತ, ಬರಹವನ್ನು ಓದಿದರೆ ಅದು ಮರಳಿಹೋಗುತ್ತದೆ ಎಂಬುದು ಆಗಿನ ವದಂತಿ. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದೇ ಬಗೆಯ ಬರಹವನ್ನು ಕಥೆಗೆ ಬಳಸಿಕೊಂಡಿತು. ‘ನಾಳೆ ಬಾ’ ಎಂಬುದು ಮಂತ್ರವಲ್ಲ. ಸಾಲಗಾರನು ಸಾಲ ಕೊಟ್ಟವನಿಗೆ ಹೇಳುವ ಮಾತು. ‘ಇಂದು ನಗದು, ನಾಳೆ ಸಾಲ’ ಎಂಬ ಅಂಗಡಿಯ ಫಲಕದ ಸೋದರವಾಕ್ಯ. ಬಾಗಿಲಿಗೆ ಬಂದವಳು ಏನನ್ನೋ ಕೇಳಲು ಬಂದಿದ್ದಾಳೆ, ಮನೆಯವರು ಅವಳಿಗೆ ಏನನ್ನೋ ಕೊಡಬೇಕಾಗಿದೆ ಎಂಬ ಒಪ್ಪಿಗೆ ಆ ಎರಡು ಪದಗಳಲ್ಲಿ ಅಡಗಿದೆ. ಬಾಕಿಯನ್ನು ಅಲ್ಲಗಳೆಯದೆ ಮುಂದೂಡುವ ಈ ಬರಹವನ್ನು ನಮ್ಮ ಕಾಲದ ಜಾನಪದ ಪಠ್ಯವಾಗಿ ಅಧ್ಯಯನ ಮಾಡುವ ಅಗತ್ಯವಿದೆ.

ಹೀಗೆಂದ ಮಾತ್ರಕ್ಕೆ ಪ್ರತಿಷ್ಠೆಯ ಕ್ರಮವನ್ನು ನಿರ್ದುಷ್ಟವೆಂದು ಎತ್ತಿಹಿಡಿಯಬೇಕಾಗಿಲ್ಲ. ಸಂತಾನವಿಲ್ಲದ ದಂಪತಿಗಳ ದುಃಖವನ್ನು ದೋಷದ ಭಾಷೆಯಲ್ಲಿ ಹೇಳುವಾಗ ಅದರ ಹೊರೆ ಸಾಮಾನ್ಯವಾಗಿ ಹೆಣ್ಣಿನ ಮೇಲೆಯೇ ಬೀಳುತ್ತದೆ. ಮಾಸ್ತಿಕಲ್ಲು ಹೆಣ್ಣಿಗೆ ನೆಲೆ ಕೊಟ್ಟದ್ದು ಆಕೆ ಬೆಂಕಿಗೆ ಬಿದ್ದ ಮೇಲೆ. ಕಲ್ಲು ನಿಲ್ಲಿಸಿದವರೇ ಕೊಂದವರೂ ಆಗಿರಬಹುದು. ಪೂಜೆಯು ಅಪರಾಧವನ್ನು ಮರೆಸುವ ಉಪಾಯವೂ ಆಗಬಹುದು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಉಚ್ಚಾಟನೆಯು ಸಾಕ್ಷ್ಯವನ್ನೇ ಅಳಿಸುತ್ತದೆ. ಕಲ್ಲು ಸಾಕ್ಷ್ಯವನ್ನು ಉಳಿಸುತ್ತದೆ. ಇಂದು ಮಾಸ್ತಿಕಲ್ಲಿನ ಮುಂದೆ ನಿಂತು ಸಂಶೋಧಕರು ಪ್ರಶ್ನೆ ಕೇಳಲು ಸಾಧ್ಯವಾಗಿರುವುದು ಅದು ಅಲ್ಲಿ ಉಳಿದಿರುವುದರಿಂದಲೇ.

7. ತೆರೆಯ ಮೇಲಿನ ಮೃತರು

‘ಆಪ್ತಮಿತ್ರ’ದ ಸ್ವೀಕಾರವನ್ನು ಕುರಿತು ಮಾತನಾಡುವಾಗ ಚಿತ್ರದ ಹೊರಗಿನ ಒಂದು ಸಂಗತಿಯನ್ನು ಬಿಡಲಾಗದು. ನಾಗವಲ್ಲಿಯಾಗಿ ನಟಿಸಿದ ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಬಳಿ ನಡೆದ ವಿಮಾನ ಅಪಘಾತದಲ್ಲಿ ಮೃತರಾದರು. ಚಿತ್ರ ಬಿಡುಗಡೆಯಾದದ್ದು ನಾಲ್ಕು ತಿಂಗಳ ಅನಂತರ. ಸತ್ತವಳೊಬ್ಬಳು ಬದುಕಿರುವವಳ ದೇಹದಲ್ಲಿ ಮರಳುವ ಕತೆಯನ್ನು ಪ್ರೇಕ್ಷಕರು ನೋಡಿದ್ದು ಸತ್ತ ನಟಿಯ ದೇಹದಲ್ಲಿ. ಮುಂದಿನ ಭಾಗವಾದ ‘ಆಪ್ತರಕ್ಷಕ’ದ ವಿಚಾರದಲ್ಲಿಯೂ ಹೀಗೆಯೇ ಆಯಿತು. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಅವರ ಕೊನೆಯ ಚಿತ್ರ ತೆರೆಗೆ ಬಂದದ್ದು 2010ರ ಫೆಬ್ರವರಿಯಲ್ಲಿ. ಜನರ ಬಾಯಲ್ಲಿ ‘ನಾಗವಲ್ಲಿಯ ಶಾಪ’ದ ಮಾತು ಹುಟ್ಟಿಕೊಂಡಿತು. ಅದು ಮೂಢನಂಬಿಕೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಮಾತಿನೊಳಗೆ ಒಂದು ಅಸ್ಪಷ್ಟ ತಿಳಿವಳಿಕೆಯೂ ಇರುವಂತಿದೆ. ನಾಗವಲ್ಲಿಯ ಲೆಕ್ಕ ಬೊಂಬೆಯನ್ನು ಸುಟ್ಟು ಮುಗಿಸುವಷ್ಟು ಸುಲಭದ್ದಲ್ಲ ಎಂದು ಪ್ರೇಕ್ಷಕರಿಗೆ ಅನ್ನಿಸಿತ್ತು.

‘ಆಪ್ತರಕ್ಷಕ’ದ ಕಥೆ ಕೂಡ ಇದನ್ನೇ ಸೂಚಿಸುತ್ತದೆ. ನಾಗವಲ್ಲಿಯ ಚಿತ್ರಪಟ ಬೇರೊಂದು ಮನೆಗೆ ಬರುತ್ತದೆ. ಭಯವೂ ಅದರೊಡನೆ ಬರುತ್ತದೆ. ಓಡಿಸಿದ್ದು ಹೋಗಿಲ್ಲ, ಮನೆ ಬದಲಿಸಿದೆ. ಕೊಲೆಗಾರ ರಾಜ ಇನ್ನೂ ಜೀವಂತವಾಗಿದ್ದಾನೆ ಎಂಬ ತಿರುವು ಇನ್ನಷ್ಟು ಅರ್ಥಪೂರ್ಣ. ನೊಂದವಳು ದೆವ್ವವೆನಿಸಿಕೊಂಡು ಅಲೆಯುತ್ತಿದ್ದರೆ, ನೋಯಿಸಿದವನು ಮನುಷ್ಯನಾಗಿಯೇ ಉಳಿದಿದ್ದಾನೆ.

ಈ ಸಾವುಗಳ ಅನಂತರ ಚಿತ್ರವನ್ನು ಮತ್ತೆ ನೋಡುವ ಅಭಿಮಾನಿಗೆ ಭಯಾನಕವು ಮೆಲ್ಲನೆ ಕರುಣಕ್ಕೆ ತಿರುಗುವ ಅನುಭವವಾಗುತ್ತದೆ. ಮೊದಲ ಸಲ ಬೆಚ್ಚಿಸಿದ ದೃಶ್ಯದಲ್ಲಿ ಈಗ ಆತ ನೋಡುವುದು ಇಲ್ಲವಾದ ಕಲಾವಿದೆಯ ನಡಿಗೆಯನ್ನು, ಕಣ್ಣನ್ನು, ಧ್ವನಿಯನ್ನು. ಚಲನಚಿತ್ರ ಮಾಧ್ಯಮವೇ ಆಗಿಹೋದದ್ದನ್ನು ಹಿಡಿದಿಟ್ಟುಕೊಂಡ ಮನೆ. ಆ ಅರ್ಥದಲ್ಲಿ ಅಲ್ಲಿರುವುದೆಲ್ಲ ಭೂತವೇ. ಆದರೆ ಯಾರೂ ಅದನ್ನು ಓಡಿಸಲು ಬಯಸುವುದಿಲ್ಲ. ಪ್ರೀತಿಸಿದವರ ಭೂತಕ್ಕೆ ನೆಲೆ ಕೊಡುವುದು ಮನುಷ್ಯರಿಗೆ ಸಹಜವಾಗಿಯೇ ಬರುತ್ತದೆ. ಕಷ್ಟವಾಗುವುದು ಅನ್ಯಾಯಕ್ಕೆ ಒಳಗಾದವರ ಭೂತಕ್ಕೆ ನೆಲೆ ಕೊಡುವುದು.

8. ಸಮಾರೋಪ

ಈ ಚರ್ಚೆಯಿಂದ ಕೆಲವು ಮಾತುಗಳನ್ನು ನಿಗಮನವಾಗಿ ಹೇಳಬಹುದು. ದೆವ್ವದ ಮನೆ ಕನ್ನಡಕ್ಕೆ ಆಮದಾದ ಕಲ್ಪನೆಯಲ್ಲ; ಭರತನ ಶೂನ್ಯಾಗಾರದಿಂದ ರನ್ನನ ಮರುಳಿನವರೆಗೆ, ಜನ್ನನ ಮಾರಿಗುಡಿಯಿಂದ ‘ನಾಳೆ ಬಾ’ ಬರಹದವರೆಗೆ ಅದಕ್ಕೆ ದೀರ್ಘವಾದ ಹಿನ್ನೆಲೆಯಿದೆ. ಅಭಿಮಾನಿಗಳು ಇಂತಹ ಚಿತ್ರಗಳಿಗೆ ಹೋಗುವುದು ಬೆಚ್ಚಿಬೀಳುವ ಚಪಲದಿಂದ ಮಾತ್ರವಲ್ಲ. ಮುಚ್ಚಿಟ್ಟ ಅಪರಾಧವೊಂದರ ಕತೆಯನ್ನು ತಿಳಿಯುವ ಬಯಕೆಯಿಂದ. ಚಿತ್ರಗಳು ಆ ಕತೆಯನ್ನು ಹೇಳುತ್ತವೆ. ಹೇಳಿದ ಮೇಲೆ ಕತೆಗೆ ಸೇರಿದವಳನ್ನು ಮನೆಯಿಂದ ಹೊರಹಾಕುತ್ತವೆ. ಕಲ್ಲು ನಿಲ್ಲಿಸಿ ಬಾಳಿದ ಸಮುದಾಯದ ಪ್ರೇಕ್ಷಕರಿಗೆ ಈ ಮುಕ್ತಾಯ ಅರ್ಧದಲ್ಲಿ ನಿಂತಂತೆ ಕಾಣುವುದು ಸಹಜ.

ಇಂದು ಕನ್ನಡದ ಆಡುಮಾತಿನಲ್ಲಿ ಕೋಪಗೊಂಡ ಹೆಣ್ಣನ್ನು ‘ನಾಗವಲ್ಲಿ’ ಎಂದು ಗೇಲಿ ಮಾಡುವುದು ರೂಢಿಗೆ ಬಂದಿದೆ. ಒಬ್ಬ ರಾಜನ ಕ್ರೌರ್ಯಕ್ಕೆ ಬಲಿಯಾದವಳ ಹೆಸರು ಹೆಣ್ಣಿನ ಸಿಟ್ಟನ್ನು ಹಾಸ್ಯ ಮಾಡುವ ಪದವಾಗಿದೆ. ವಿಜಯ ರಾಜೇಂದ್ರ ಬಹದ್ದೂರನ ಹೆಸರು ಯಾರಿಗೂ ಬೈಗುಳವಾಗಿಲ್ಲ. ಉಚ್ಚಾಟನೆ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಜನಪ್ರಿಯ ಚಿತ್ರಗಳನ್ನು ಕೀಳೆಂದು ಬದಿಗಿಡುವ ವಿಮರ್ಶೆಯು ಭಾಷೆಯೊಳಗೆ ನಡೆದುಹೋಗುವ ಇಂತಹ ಸ್ಥಿತ್ಯಂತರಗಳನ್ನೂ ಗಮನಿಸದೆ ಹೋಗುತ್ತದೆ. ಘಾಟಿಯ ಗರ್ಭಗುಡಿಯ ಕನ್ನಡಿಯು ಹಿಂಬದಿಯ ಮುಖವನ್ನು ಕಾಣಿಸುವಂತೆ, ಈ ಚಿತ್ರಗಳನ್ನು ಓದುವ ವಿಮರ್ಶೆಯು ಅವು ಬೆನ್ನ ಹಿಂದೆ ಬಿಟ್ಟುಬಂದ ಮುಖಗಳನ್ನು ಕಾಣಿಸಬೇಕಾಗಿದೆ.